ಭಾವನ ವಾಚು, ನಮ್ಮ ಎತ್ತರ

ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದೇ ಕಾಲು ಇಡುತ್ತಿದ್ದೇನೆ. ಹತ್ತುವಾಗ ಅಷ್ಟೇನೂ ನೋವಿಲ್ಲ, ಇಳಿಯುವಾಗ ಮಾತ್ರ ಪ್ರಾಣ ಹೋಗುತ್ತದೆ. ಬೆಟ್ಟ ಇಳಿಯುವಾಗ ಮೈಭಾರಕ್ಕೆಲ್ಲ ತೊಡೆಯೇ ಬ್ರೇಕ್ ಹಾಕಬೇಕಲ್ಲ, ಅದರ ಫಲ. ಈ ನೋವು ಅವತ್ತೇ ಬರುವುದೂ ಇಲ್ಲ. ಒಂದೆರಡು ದಿನ ಬಿಟ್ಟು, ವಿಳಾಸ ಹುಡುಕಿಕೊಂಡು ಮನೆಗೇ ಬರುತ್ತದೆ. ಹೋಗಲಿ, ಅದನ್ನು ಸಹಿಸಬಹುದು. ಸಹಿಸಲಾಗದ್ದು ಭಾವನ ವಾಚು.

ಚಿಕ್ಕ ಊರು, ಸುತ್ತಲೂ ಬೆಟ್ಟ. ಅಲ್ಲೊಂದು ರೂಮು ಮಾಡಿಕೊಂಡು, ದಿನಾ ಒಂದು ಕಡೆ ಹತ್ತಿ, ಸಂಜೆ ವಾಪಸ್ ಬರುವುದು ಅಂತ ಪ್ಲಾನು. ಅಕ್ಕ, ಭಾವ, ನಾನು. ಬೆಟ್ಟದ ಊರು ಅಂದಮೇಲೆ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎತ್ತರ ಅಂತ ಒಂದು ಬೋರ್ಡು ಇದ್ದೇ ಇರುತ್ತದೆ. ನಾವು ನೀವಾದರೆ ಅದರ ಮುಂದೆ ಒಂದು ಫೋಟೋ ತೆಗೆಸಿಕೊಂಡು ಮುಂದೆ ಹೋಗುತ್ತೇವೆ, ಅಲ್ವಾ? ಭಾವ ಬಸ್ಸಿಳಿದವರೇ ಬ್ಯಾಗು ನನ್ನ ಕೈಗೆ ಕೊಟ್ಟು ಬೋರ್ಡಿನ ಬುಡಕ್ಕೆ ಹೋದರು. ವಾಚಿಗೆ ಎತ್ತರ ಹೊಂದಿಸಬೇಕಂತೆ.

ಅವರ ವಾಚು ಎತ್ತರ ಅಳೆಯುವುದು ಗಾಳಿಯ ಒತ್ತಡದಿಂದ. ಮೇಲೆ ಹೋದಷ್ಟೂ ಒತ್ತಡ ಕಡಿಮೆ. ಎಷ್ಟು ಕಡಿಮೆಯಾಯಿತು ಅಂತ ನೋಡಿ, ಎಷ್ಟು ಏರಿದೆವು ಅಂತ ಅದು ಲೆಕ್ಕ ಹಾಕುತ್ತದೆ. ಆಗಾಗ ಎತ್ತರ ಗೊತ್ತಿರುವ ಜಾಗದಲ್ಲಿ ನಿಂತು ಅದಕ್ಕೆ ನಿಜ ಹೇಳಿಕೊಡಬೇಕು. ಅಲ್ಲಿಯವರೆಗೆ ಸರಿ. ಆದರೆ ಬೋರ್ಡು ಕಂಬದ ಮೇಲಿತ್ತು. ಬರೆದಿರುವ ಎತ್ತರ ಅಕ್ಷರಗಳದ್ದೋ, ಕಂಬದ ಬುಡದ್ದೋ? ಭಾವ ಒಮ್ಮೆ ಕೈ ಮೇಲೆತ್ತಿ ನೋಡಿದರು. ಒಮ್ಮೆ ಕುಕ್ಕರುಗಾಲಲ್ಲಿ ಕೂತು ನೋಡಿದರು. ಮತ್ತೆ ಎದ್ದು ಕೈ ಎತ್ತಿದರು. ಹಿಂದೆ ಫೋಟೋಗೆ ಕಾಯುವವರ ಸಾಲು ಬೆಳೆಯಿತು. ಸಾಲಿನಿಂದ ಒಬ್ಬರು ನನ್ನ ಹತ್ತಿರ ಬಂದು, "ಅವರಿಗೆ ಹುಷಾರಿಲ್ವಾ? ಎತ್ತರಕ್ಕೆ ಬಂದರೆ ಕೆಲವರಿಗೆ ಹಾಗಾಗುತ್ತೆ" ಅಂದರು. ನಾನು ಅಲ್ಲ ಅನ್ನಲಿಲ್ಲ.

ನಮಗೆ ಸಿಕ್ಕಿದ್ದು ಎರಡನೇ ಮಹಡಿ. "ಹತ್ತೋದು ಎತ್ತರಕ್ಕೆ, ಮಲಗೋದು ತಗ್ಗಲ್ಲಿ. ಅದು ರೂಲ್ಸು" ಅಂತ ಭಾವ ಕೆಳಗಿನ ರೂಮು ಕೇಳಿದರು. ರೂಲ್ಸು ಇರುವುದು ನಿಜವೇ. 3000 ಮೀಟರ್ ದಾಟಿದ ಮೇಲೆ, ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ ಅನ್ನುತ್ತಾರೆ ವೈದ್ಯರು. ನಾವಿದ್ದದ್ದು ಅದರ ಅರ್ಧದಷ್ಟು ಎತ್ತರದಲ್ಲಿ. ಅಲ್ಲಿ ತಲೆ ಸುತ್ತಿದ್ದರೆ ಅದಕ್ಕೆ ಕಾರಣ ಲಿಫ್ಟ್ ಇಲ್ಲದ್ದು.

ಬೆಟ್ಟದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. ಬಿಸಿಲಿಗೆ ಇಳಿಜಾರು ಕಾದು ಗಾಳಿ ಮೇಲೇಳುತ್ತದೆ, ಮೇಲೆ ಹೋಗಿ ತಣ್ಣಗಾಗುತ್ತದೆ. ಅದಕ್ಕೇ ಬೇಗ ಹೊರಟು ಬೇಗ ಇಳಿಯಬೇಕು. ಇದನ್ನೂ ಒಪ್ಪುತ್ತೇನೆ. ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನವರು 1892ರಲ್ಲೇ ಲೆಕ್ಕ ಕೊಟ್ಟಿದ್ದಾರೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಭಾವ ಇದನ್ನು ಹಿಂದಿನಿಂದ ಎಣಿಸಿ ನಾಲ್ಕಕ್ಕೆ ಅಲಾರಂ ಇಡುತ್ತಿದ್ದರು. ನೈಸ್ಮಿತ್ ಲೆಕ್ಕದಲ್ಲಿ ಯಾರೂ ಶೂ ಲೇಸು ಕಟ್ಟುವುದಿಲ್ಲ, ಕಲ್ಲಿನ ಮೇಲೆ ಕೂತು ಉಸಿರು ಬಿಡುವುದಿಲ್ಲ, "ಇನ್ನೂ ಎಷ್ಟಿದೆ" ಅಂತ ಕೇಳುವುದಿಲ್ಲ. ನಾನು ಈ ಮೂರನ್ನೂ ಮಾಡುತ್ತೇನೆ. ಕೇಳಿದಾಗಲೆಲ್ಲ ಭಾವ ತೋಳು ಮಡಚಿ, "ಇನ್ನೂರ ಹನ್ನೆರಡು ಮೀಟರ್, ಅಷ್ಟೆ" ಅನ್ನುತ್ತಿದ್ದರು. ಇನ್ನೂರ ಹನ್ನೆರಡು ಮೀಟರ್ ಏನು ಮಹಾ ಅಂತ ನೀವು ಅಂದುಕೊಳ್ಳಬಹುದು. ಅದು ನೆಟ್ಟಗೆ ಆಕಾಶದ ಕಡೆಗೆ.

ಆಮೇಲೆ ಆ ಬೆಳಗು. ಅಲಾರಂ ಹೊಡೆಯುವ ಮುಂಚೆಯೇ ಭಾವ ನನ್ನ ಹೊದಿಕೆ ಎಳೆದರು.

"ಏಳೋ, ನಲವತ್ತು ಮೀಟರ್ ಮೇಲೆ ಬಂದಿದೀವಿ."

"ಯಾರು ಭಾವ?"

"ನಾವೇ ಕಣೋ. ರೂಮು."

ಟಾರ್ಚು ನನ್ನ ಕಣ್ಣಿಗೆ ಬಿಟ್ಟು ವಾಚನ್ನು ಮೂಗಿನ ಹತ್ತಿರ ತಂದರು. ಹೌದು, ಮಲಗುವಾಗ ಇದ್ದದ್ದಕ್ಕಿಂತ ನಲವತ್ತು ಜಾಸ್ತಿ. ಆ ಕಡೆ ಮಂಚದಿಂದ ಅಕ್ಕನ ದನಿ ಬಂತು: "ನಿದ್ದೆಯಲ್ಲೂ ಹತ್ತಿಸಿದ್ರಾ ನಮ್ಮನ್ನ?"

ವಿಷಯ ಇಷ್ಟೆ. ಕೂತಲ್ಲೇ ಕೂತಿದ್ದರೂ, ಹವಾಮಾನ ಬದಲಾಗಿ ಒತ್ತಡ ಇಳಿದರೆ ವಾಚಿಗೆ ನಾವು ಹತ್ತಿದ ಹಾಗೇ ಕಾಣುತ್ತದೆ. ಒತ್ತಡ ಒಂದು ಹೆಕ್ಟೋಪ್ಯಾಸ್ಕಲ್ (ಒತ್ತಡ ಅಳೆಯುವ ಮಾನ) ಇಳಿದರೆ ಸಮುದ್ರ ಮಟ್ಟದಲ್ಲಿ ಸುಮಾರು 8 ಮೀಟರ್ ಏರಿದ ಲೆಕ್ಕ, ಬೆಟ್ಟದ ಮೇಲೆ ಇನ್ನೂ ಸ್ವಲ್ಪ ಜಾಸ್ತಿ. ರಾತ್ರಿಯಿಡೀ ಹೀಗೆ ಇಳಿದಿದೆ ಅಂದರೆ ಮಳೆ ಬರುವ ಲಕ್ಷಣ. ಭಾವನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ವಾಚಿನ ಜೊತೆ ಬಂದ ಪುಸ್ತಕವನ್ನು ಕೊನೆಯವರೆಗೂ ಓದಿದವರು ಅವರು. ಆದರೂ ಬಾಲ್ಕನಿಗೆ ಹೋಗಿ ಕೆಳಗಿನ ರಸ್ತೆಯನ್ನು ಬಗ್ಗಿ ನೋಡಿದರು. ಅದು ದೂರ ಹೋಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮಳೆ ಹಿಡಿಯಿತು. ಹೊರಗೆ ಹೋಗುವ ಹಾಗಿಲ್ಲ. ಭಾವನ ಮುಖ ನೋಡಲಾಗದೆ ಅವರಿಗೊಂದು ಕತೆ ಹೇಳಿದೆ. ಪ್ಯಾಸ್ಕಲ್ ಗೊತ್ತಲ್ಲ, ಒತ್ತಡದ ಅಳತೆಗೆ ಹೆಸರು ಕೊಟ್ಟವನು. ಮೇಲೆ ಹೋದರೆ ಒತ್ತಡ ಕಡಿಮೆಯಾಗುತ್ತದೆ ಅಂತ ಅವನಿಗೆ ಅನುಮಾನವಿತ್ತು. ಆದರೆ ಬೆಟ್ಟ ಹತ್ತಿದ್ದು ಅವನಲ್ಲ. ತನ್ನ ಅಕ್ಕನ ಗಂಡ ಪೆರಿಯೇಗೆ ಕಾಗದ ಬರೆದ. 1648ರ ಸೆಪ್ಟೆಂಬರ್ 19ರಂದು ಆ ಭಾವ ಗಾಜಿನ ಕೊಳವೆ, ಪಾದರಸ ಎಲ್ಲ ತೆಗೆದುಕೊಂಡು ಫ್ರಾನ್ಸಿನ ಪುಯ್ ದ ಡೋಮ್ ಬೆಟ್ಟ ಹತ್ತಿದರು. ತುದಿಯಲ್ಲಿ ಒತ್ತಡ ಕಡಿಮೆಯಾಗಿ ಕೊಳವೆಯ ಪಾದರಸ ಸುಮಾರು ಮೂರು ಇಂಚು ಇಳಿದಿತ್ತು. ಕಷ್ಟಪಟ್ಟವರು ಭಾವ, ಹೆಸರು ಬಂದದ್ದು ಮೈದುನನಿಗೆ. ಈ ಕತೆಯಲ್ಲಿ ನನಗೆ ಇಷ್ಟವಾದವರು ಮಾತ್ರ ಇನ್ನೊಬ್ಬರು. ಕೆಳಗೆ ಊರಿನ ಮಠದ ತೋಟದಲ್ಲಿ ಒಬ್ಬ ಪಾದ್ರಿ ಇನ್ನೊಂದು ಕೊಳವೆ ಇಟ್ಟುಕೊಂಡು ಇಡೀ ದಿನ ನೋಡುತ್ತಾ ಇದ್ದರು. ಅಲ್ಲಿ ಪಾದರಸ ಕದಲಲಿಲ್ಲ.

"ನಾಳೆಯಿಂದ ಆ ಪಾದ್ರಿ ಕೆಲಸ ನನಗೆ ಕೊಡಿ ಭಾವ. ನೀವು ಹತ್ತಿ, ನಾನು ಇಲ್ಲಿ ಕೂತು ನೋಡ್ತೀನಿ."

ಭಾವ ತುಂಬಾ ಹೊತ್ತು ಯೋಚನೆ ಮಾಡಿದರು. "ಹಾಗಾದ್ರೆ ನಿನಗೂ ಒಂದು ವಾಚು ಬೇಕಾಗುತ್ತೆ" ಅಂದರು.

ನಾನು ಎದ್ದು ಕೆಳಗೆ ಜಗಲಿಗೆ ಬಂದೆ. ಕತ್ತಲಲ್ಲಿ ಹೊರಟು ಕತ್ತಲಾಗುವಾಗ ಬರುತ್ತಿದ್ದ ನಮಗೆ, ಆ ಊರಿಗೂ ಒಂದು ಹಗಲಿದೆ ಅಂತ ಗೊತ್ತೇ ಇರಲಿಲ್ಲ. ಒಂದೇ ಕೊಡೆಯಲ್ಲಿ ಮೂವರು ಮಕ್ಕಳು ಸ್ಕೂಲಿಗೆ ಹೋದರು, ಮಧ್ಯದವನು ಮಾತ್ರ ಒಣಗಿದ್ದ. ಎದುರಿನ ಅಂಗಡಿಯವರು ಟಾರ್ಪಾಲಿನಲ್ಲಿ ತುಂಬಿದ ನೀರನ್ನು ಕೋಲಿನಿಂದ ಎತ್ತಿ ಸುರಿದರು. ಅದು ಮತ್ತೆ ತುಂಬಿತು, ಮತ್ತೆ ಎತ್ತಿದರು. ಇಲ್ಲಿ ಒಂದು ವಾರ ಸುಮ್ನೆ ಇದ್ದುಬಿಡಬಹುದಿತ್ತು ಅನ್ನಿಸಿತು. ಪಕ್ಕದಲ್ಲಿ ಕೂತಿದ್ದ ಅಜ್ಜನನ್ನು, ಈ ಬೆಟ್ಟ ಹತ್ತಿದ್ದೀರಾ ಅಂತ ಕೇಳಿದೆ.

"ಹುಡುಗ ಆಗಿದ್ದಾಗ ಹೋಗಿದ್ದೆ. ದನ ತಪ್ಪಿಸಿಕೊಂಡಿತ್ತು."

"ತುದಿವರೆಗೂ ಹೋದ್ರಾ?"

"ದನ ಅರ್ಧದಲ್ಲೇ ಸಿಕ್ತು."

ಸಂಜೆಗೆ ಮಳೆ ನಿಂತಿತು. ಒತ್ತಡ ಮತ್ತೆ ಏರಿತು. ರೂಮಿಗೆ ಬಂದರೆ ಭಾವ ವಾಚು ಹಿಡಿದು ಮಂಕಾಗಿ ಕೂತಿದ್ದರು. ಬೆಳಗ್ಗೆ ಬಂದಿದ್ದ ನಲವತ್ತು ಮೀಟರ್ ಹಾಗೇ ಕರಗಿಹೋಗಿತ್ತು. ಅಕ್ಕ ವಾಚಿನ ಮೇಲೆ ಒಮ್ಮೆ ಕಣ್ಣು ಹಾಯಿಸಿ ಹೊದಿಕೆ ಎಳೆದುಕೊಂಡಳು.

"ರೀ, ಹತ್ತಿದ್ದೂ ಆಯ್ತು, ಇಳಿದದ್ದೂ ಆಯ್ತು. ನಾಳೆ ರಜೆ."