ನಾಲ್ಕು ಕೆಲಸದ ಒಂದು ಎಲೆ

ಶ್ರಾವಣದ ಜಿಟಿಜಿಟಿ ಮಳೆ ಹಿಡಿದರೆ ಧಾರವಾಡದಲ್ಲಿ ಪಡಸಾಲೆಯೇ ಆಟದ ಬಯಲು. ಅಂಥ ಒಂದು ಸಂಜೆ ಸಾಧನಕೇರಿಯ ನಮ್ಮ ಮನೆಯಲ್ಲಿ ಅಕ್ಕನ ಮಗ ಹಳೆಯ ಪೇಡೆಯ ಡಬ್ಬಿಯಿಂದ ಮ್ಯಾಜಿಕ್: ದ ಗ್ಯಾದರಿಂಗ್ ಎಂಬ, ಮಂತ್ರವಾದಿಗಳ ಕಾಳಗದ ಆಟದ ಕಾರ್ಡುಗಳನ್ನು ತೆಗೆದು ಹರವಿ, ಒಂದನ್ನು ನನ್ನ ಮುಂದೆ ಹಿಡಿದು, "ಮಾಮಾ, ಇದು ಒಂದ ಎಲಿ ಅಲ್ಲ, ನಾಕ ಎಲಿ" ಎಂದನು. ಆ ಲೆಕ್ಕವನ್ನು ನಾನು ಅಂದಿನಿಂದಲೂ ಒಪ್ಪಿಲ್ಲ.

ಕ್ರಿಪ್ಟಿಕ್ ಕಮಾಂಡ್ ಎಂಬ ಆ ಮಂತ್ರದ ಕಾರ್ಡು 2007ರಲ್ಲಿ ಬಂದದ್ದು. ಯಾವುದಾದರೂ ಮಂತ್ರವನ್ನು ತಡೆಯುವುದು, ಮೇಜಿನ ಮೇಲಿನ ಒಂದು ಕಾರ್ಡನ್ನು ಅದರ ಒಡೆಯನ ಕೈಗೆ ಮರಳಿಸುವುದು, ಎದುರಾಳಿಯ ಪರವಾಗಿ ಕಾದಾಡುವ ಜೀವಿಗಳಾದ ಕ್ರೀಚರುಗಳನ್ನೆಲ್ಲ ಟ್ಯಾಪ್ ಮಾಡಿ ಅಡ್ಡ ಮಲಗಿಸುವುದು, ಹೊಸದೊಂದು ಕಾರ್ಡು ಎಳೆದುಕೊಳ್ಳುವುದು ಎಂಬ ನಾಲ್ಕರಲ್ಲಿ ಎರಡನ್ನು ನಾವು ಆರಿಸಿಕೊಳ್ಳಬೇಕು. ಜೋಡಿಗಳು ಆರಾಗುತ್ತವೆ ಎಂದು ಅಳಿಯ ಬೆರಳು ಮಡಿಚಿ ತೋರಿಸುತ್ತಾನೆ.

ನಮ್ಮ ಓಣಿಯ ರಮ್ಮಿಯಲ್ಲಿ ಜೋಕರ್ ಯಾವ ಎಲೆಯ ಜಾಗದಲ್ಲಾದರೂ ಪುಕ್ಕಟೆಯಾಗಿ ಕೂಡುತ್ತದೆ. ಇಲ್ಲಿ ಹಾಗಲ್ಲ, ಒದಗುವ ಗುಣಕ್ಕೂ ದರವಿದೆ. ಆ ದರ ಎಷ್ಟೆಂದು ತಿಳಿಯಲು ಕೆಲಸಗಳನ್ನು ಎಣಿಸಿದರೆ ಸಾಲದು; ನಾವು ಹೆಚ್ಚಾಗಿ ಮಾಡುವ ಕೆಲಸವನ್ನಷ್ಟೇ ಮಾಡುವ ಸಾದಾ ಕಾರ್ಡಿನ ಪಕ್ಕದಲ್ಲಿ ಇದನ್ನಿಟ್ಟು ತೂಗಬೇಕು. ಬರಿಯ ತಡೆಯೇ ಬೇಕಾದರೆ 1993ರ ಮೊದಲ ಕಂತಿನಿಂದಲೂ ಇರುವ ಕೌಂಟರ್‌ಸ್ಪೆಲ್ ಎರಡೇ ನೀಲಿ ಮಾನಾಕ್ಕೆ ಸಿಗುತ್ತದೆ; ಮಾನಾ ಎಂದರೆ ಕಾರ್ಡು ಆಡಲು ತೆರುವ, ಬಣ್ಣಬಣ್ಣದ ಶಕ್ತಿ. ಅದರೆದುರು ನಾಲ್ಕು ಮಾನಾ ಬೇಡುವ ಇದು ದುಬಾರಿ. ಆದರೆ ನಾವು ಮತ್ತೆ ಮತ್ತೆ ಆರಿಸುವುದು ತಡೆ ಮತ್ತು ಎಳೆತದ ಜೋಡಿಯನ್ನು, ಮತ್ತು ಅದನ್ನೇ ಮಾಡುವ ಡಿಸ್‌ಮಿಸ್ ಎಂಬ 1997ರ ಕಾರ್ಡಿಗೂ ನಾಲ್ಕೇ ಮಾನಾ. ಅದರಲ್ಲಿ ನೀಲಿಯೇ ಆಗಬೇಕಾದವು ಎರಡು, ಇದರಲ್ಲಿ ಮೂರು; ಉಳಿದವು ಯಾವ ಬಣ್ಣದವಾದರೂ ಸರಿ. ಅಂದರೆ ಉಳಿದ ಐದು ಜೋಡಿಗಳಿಗೆ ನಾವು ತೆರುತ್ತಿರುವುದು ಒಂದು ಮಾನಾದ ಬಣ್ಣವನ್ನು ಮಾತ್ರ! ಇಷ್ಟು ಅಗ್ಗದ ಚೌಕಾಸಿ ಲೈನ್ ಬಜಾರದಲ್ಲಿಯೂ ಕುದುರಲಾರದು.

ಆದರೂ ಆ ಬಣ್ಣ ಕಾಡುತ್ತದೆ. ನನ್ನ ಅರವತ್ತು ಕಾರ್ಡುಗಳ ಡೆಕ್ಕಿನಲ್ಲಿ ನೀಲಿಯ ಜೊತೆ ಕೆಂಪೂ ಇರುವುದರಿಂದ, ಮಾನಾ ಕೊಡುವ ಲ್ಯಾಂಡು ಕಾರ್ಡುಗಳು ನಾಲ್ಕು ಮೇಜಿಗೆ ಬಂದರೂ ಅವುಗಳಲ್ಲಿ ಮೂರು ನೀಲಿ ಕೊಡದೆ ಹೋಗಿ, ಈ ಘನವಾದ ಎಲೆ ಆಟದ ಆರಂಭದಲ್ಲಿ ಎಳೆಯುವ ಏಳು ಕಾರ್ಡುಗಳ ಜೊತೆಗೇ ಕೈಗೆ ಬಂದು, ಬಸ್ಸು ತಪ್ಪಿದವನಂತೆ ಕೈಯಲ್ಲೇ ಕುಳಿತದ್ದುಂಟು.

ಇನ್ನೊಂದು ಸೂಕ್ಷ್ಮವನ್ನು ನಾನು ಸೋತು ಕಲಿತೆ. ಅಳಿಯನ ದೊಡ್ಡ ಕ್ರೀಚರನ್ನು ಅವನ ಕೈಗೆ ಮರಳಿಸಿ, ನಾನೊಂದು ಕಾರ್ಡು ಎಳೆದುಕೊಳ್ಳುವ ಜೋಡಿಯನ್ನು ಆರಿಸಿದೆ. ಅವನು ಅದಕ್ಕೆ ಪ್ರತಿಯಾಗಿ ಆ ಕ್ರೀಚರನ್ನೇ ಬಲಿಗೊಟ್ಟನು. ನನ್ನ ಮಂತ್ರಕ್ಕೆ ಗುರಿಯಾಗಿದ್ದದ್ದು ಅದೊಂದೇ, ಅದು ಇಲ್ಲವಾದ ಮೇಲೆ ಮಂತ್ರವಿಡೀ ಬಿದ್ದುಹೋಗಿ, ಗುರಿಯೇ ಬೇಡದ ಎಳೆತವೂ ಅದರ ಜೊತೆಗೆ ಹೋಯಿತು. "ನಾಕ ಎಲಿ ಎಲ್ಲಿ ಹೋದುವೋ?" ಎಂದು ಕೇಳಿದೆ. "ಅವು ಒಂದ ಕಾಗದದಾಗ ಅದಾವಲ್ಲ ಮಾಮಾ" ಎಂದು ನಕ್ಕನು.

ಒಂದೇ ಹೆಸರಿನ ನಾಲ್ಕು ಪ್ರತಿಗಳನ್ನು ಡೆಕ್ಕಿನಲ್ಲಿಡಲು ನಿಯಮವೇನೋ ಬಿಡುತ್ತದೆ. ನಾನು ಎರಡನ್ನಿಟ್ಟಿದ್ದೇನೆ. ಉಳಿದೆರಡು ಪೇಡೆಯ ಡಬ್ಬಿಯಲ್ಲಿವೆ. ಲ್ಯಾಂಡುಗಳನ್ನು ಬದಲಿಸಿದ ದಿನ ಮೂರನೆಯದನ್ನು ತೆಗೆಯುವೆನೆಂದು ಅಳಿಯನಿಗೆ ಮಾತು ಕೊಟ್ಟಿದ್ದೇನೆ.