ಡ್ರೈವರ್ ಸರಿಯಿದ್ದರೂ ವೈಫೈ ಬರದೇ ಇರಬಹುದು

ಲಿನಕ್ಸ್‌ನಲ್ಲಿ ವೈಫೈ ಬರದಿದ್ದರೆ ಡ್ರೈವರ್ (ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಮತ್ತೆ ಹಾಕಿ ನೋಡಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಎಷ್ಟೋ ಸಲ ಡ್ರೈವರ್ ಸರಿಯಾಗೇ ಇರುತ್ತದೆ, ಇಲ್ಲದಿರುವುದು ಫರ್ಮ್‌ವೇರ್, ಅಂದರೆ ಕಾರ್ಡಿನದೇ ಸಾಫ್ಟ್‌ವೇರ್. ಡ್ರೈವರ್ ಓಡುವುದು ನಮ್ಮ ಸಿಪಿಯು ಮೇಲೆ. ಫರ್ಮ್‌ವೇರ್ ಓಡುವುದು ವೈಫೈ ಕಾರ್ಡಿನೊಳಗಿನ ಪುಟ್ಟ ಪ್ರೊಸೆಸರ್ ಮೇಲೆ. ತುಂಬಾ ಕಾರ್ಡುಗಳಲ್ಲಿ ಅದನ್ನು ಉಳಿಸಿಕೊಳ್ಳಲು ಜಾಗವೇ ಇಲ್ಲ, ಕರೆಂಟ್ ಹೋದರೆ ಎಲ್ಲ ಮರೆತುಬಿಡುತ್ತವೆ. ಹಾಗಾಗಿ ಪ್ರತಿ ಸಲ ಆನ್ ಮಾಡಿದಾಗಲೂ ಡ್ರೈವರ್ ಇಂಥ ಫೈಲ್ ಬೇಕು ಎಂದು ಲಿನಕ್ಸಿನ ತಿರುಳಾದ ಕರ್ನಲ್‌ಗೆ ಕೇಳುತ್ತದೆ. ಕರ್ನಲ್ ಅದನ್ನು ಡಿಸ್ಕಿನ ಲಿಬ್ (lib) ಫೋಲ್ಡರ್ ಒಳಗಿನ ಫರ್ಮ್‌ವೇರ್ ಫೋಲ್ಡರಿನಿಂದ ಓದಿ ಕೊಡುತ್ತದೆ. ಡ್ರೈವರ್ ಅದನ್ನು ಕಾರ್ಡಿನ ಮೆಮೊರಿಗೆ ತುಂಬುತ್ತದೆ.

ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಇದೇ ಆಗಿತ್ತು. ಎರಡು ಸಂಜೆ ಸುಮ್ನೆ ಡ್ರೈವರ್ ತೆಗೆದು ಹಾಕಿ ಮಾಡಿದೆ. ಕೊನೆಗೆ ಕರ್ನಲ್ ಲಾಗ್ (ಕರ್ನಲ್ ಬರೆದಿಡುವ ದಾಖಲೆ) ತೆರೆದರೆ ಫರ್ಮ್‌ವೇರ್ ಫೈಲಿನ ಹೆಸರು, ಅದರ ಪಕ್ಕದಲ್ಲೇ ಎರರ್ -2. ಅಂದರೆ ಆ ಫೈಲೇ ಇಲ್ಲ! ಫೋನಿನ ಇಂಟರ್ನೆಟ್ ಅನ್ನು ಕೇಬಲ್ ಮೂಲಕ ಪಡೆದು (ಯುಎಸ್‌ಬಿ ಟೆದರಿಂಗ್) ಫರ್ಮ್‌ವೇರ್ ಪ್ಯಾಕೇಜ್ ಹಾಕಿದೆ. ರೀಬೂಟ್ ಮಾಡಿದ ಕೂಡಲೇ ವೈಫೈ ಪಟ್ಟಿ ಬಂತು.

2023ರಲ್ಲಿ ಬಂದ ಡೆಬಿಯನ್ 12 ಎಂಬ ಲಿನಕ್ಸ್ ಆವೃತ್ತಿಯಿಂದ ಇಂಥ ಫೈಲುಗಳು ಇನ್‌ಸ್ಟಾಲರ್ ಜೊತೆಗೇ ಬರುತ್ತಿವೆ. ಹೊಸಬರಿಗೆ ದೊಡ್ಡ ಉಪಕಾರ, ಅಲ್ವಾ? ಮೊದಲು ಲಾಗ್ ನೋಡಿ ಎಂಬ ಒಂದು ಸಾಲನ್ನು ದಯವಿಟ್ಟು ಲೇಖನಕ್ಕೆ ಸೇರಿಸಿ.