ರಾಜ್ಯ ಶೇ 12 ಬೆಳೆದರೆ ಎಲ್ಲರ ಆದಾಯವೂ ಅಷ್ಟೇ ಏರುತ್ತದಾ?

‘ರಾಜ್ಯದ ಆರ್ಥಿಕತೆ ಶೇ 12 ಬೆಳೆದರೆ ಪ್ರತಿಯೊಬ್ಬರ ಆದಾಯವೂ ಶೇ 12 ಏರಿದಂತೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು ಲೆಕ್ಕ.

ಆ 12ರಲ್ಲಿ ಬೆಲೆ ಏರಿಕೆಯೂ ಸೇರಿರಬಹುದು. ಅದು ಶೇ 5 ಇದ್ದರೆ ನಿಜವಾದ ಬೆಳವಣಿಗೆ ಸುಮಾರು ಶೇ 6.7 ಮಾತ್ರ. ಹೊರಗಿನಿಂದ ಬಂದು ನೆಲೆಸಿದವರೂ ಸೇರಿ ಜನಸಂಖ್ಯೆ ಶೇ 2 ಹೆಚ್ಚಿದ್ದರೆ, ತಲಾ ಲೆಕ್ಕ ಶೇ 4.6ರ ಆಸುಪಾಸಿಗೆ ಇಳಿಯುತ್ತದೆ. ಅದೂ ಬರೀ ಸರಾಸರಿ. ಯಾರ ಕೈಗೆ ಎಷ್ಟು ಬಂತು ಅಂತ ಅದರಿಂದ ಗೊತ್ತಾಗುವುದಿಲ್ಲ.

ಆರ್ಥಿಕತೆಯ ಗಾತ್ರ ಅಳೆಯುವ ಜಿಡಿಪಿಯಲ್ಲಿ (ಒಟ್ಟು ಉತ್ಪನ್ನದ ಮೌಲ್ಯ) ಸಂಬಳದ ಜೊತೆ ಕಂಪನಿಗಳ ಲಾಭವೂ ಇರುತ್ತದೆ ಅಲ್ವಾ? 2015ರಲ್ಲಿ ಐರ್ಲೆಂಡಿನ ಜಿಡಿಪಿ ಸುಮಾರು ಶೇ 25 ಜಿಗಿದಿತ್ತು. ಜನರ ಸಂಬಳವೇನೂ ಹಾಗೆ ಜಿಗಿಯಲಿಲ್ಲ. ದೊಡ್ಡ ಬಹುರಾಷ್ಟ್ರೀಯ ಕಂಪನಿಗಳು ಪೇಟೆಂಟ್‌ನಂಥ ಆಸ್ತಿಗಳನ್ನು ಲೆಕ್ಕಪುಸ್ತಕದಲ್ಲಿ ಅಲ್ಲಿಗೆ ವರ್ಗಾಯಿಸಿದ್ದೇ ಮುಖ್ಯ ಕಾರಣ.